ಚಿಕ್ಕ ಹಡಗು ಕಲ್ಯಾಣಕ್ಕೆ ಕಲಿಸುವ ಪಾಠ

ಹಡಗಿನಲ್ಲಿ ಒಂದು ವಾರ ಕಳೆದು ಬಂದೆನೆಂದು ಹೇಳಿದರೆ ನಮ್ಮೂರಿನಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ಖರ್ಚೆಷ್ಟಾಯಿತೆಂದು ಕೇಳುತ್ತಾರೆ. ಬಸವಕಲ್ಯಾಣದವರಿಗೆ ನೀರೆಂದರೆ ತ್ರಿಪುರಾಂತದ ಕೆರೆ, ಚುಳಕಿನಾಲಾ ಜಲಾಶಯ, ತಪ್ಪಿದರೆ ಕಾರಂಜಾ ಅಣೆಕಟ್ಟು. ಸಮುದ್ರ ಇಲ್ಲಿಂದ ನೂರಾರು ಕಿಲೋಮೀಟರ್ ಆಚೆ. ಹೊರದೇಶದಲ್ಲಿರುವ ಮಗಳು, ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿದ ನೆಪದಲ್ಲಿ, ಕೋಲ್ಕತ್ತದಿಂದ ಹೂಗ್ಲಿ ನದಿಯ ಮೇಲೆ ಮುರ್ಷಿದಾಬಾದಿನತ್ತ ಸಾಗುವ ಚಿಕ್ಕ ಐಷಾರಾಮಿ ಹಡಗೊಂದರಲ್ಲಿ ನಮಗೆ ಸ್ಥಳ ಕಾಯ್ದಿರಿಸಿದಳು. ನನ್ನ ಹಲವು ತಿಂಗಳ ಪಿಂಚಣಿಯನ್ನು ಏಳು ದಿನಗಳಲ್ಲಿ ಕರಗಿಸುವ ಈ ಸುಖ ನಮಗೆ ಸಲ್ಲತಕ್ಕದ್ದೇ ಎಂಬ ಸಂಕೋಚದಿಂದಲೇ ಹೊರಟೆ. ಆ ಸಂಕೋಚ ಹಿಂತಿರುಗಿದ ಮೇಲೂ ಪೂರ್ತಿ ಕಳೆದಿಲ್ಲ. ಆದರೆ ಅದರ ಜೊತೆಗೆ ಒಂದು ಯೋಚನೆಯನ್ನೂ ಹೊತ್ತು ತಂದಿದ್ದೇನೆ. ಅದು ಹಡಗಿನ ಕುರಿತದ್ದಲ್ಲ, ನಮ್ಮ ಊರಿನ ಕುರಿತದ್ದು.

ಪ್ರವಾಸಿ ಹಡಗುಗಳಲ್ಲಿ ಎರಡು ಬಗೆ. ಸಾವಿರಾರು ಜನರನ್ನು ತುಂಬಿಕೊಂಡು ತೇಲುವ ಪಟ್ಟಣದಂತಹವು ಒಂದು ಬಗೆ. ಅಲ್ಲಿ ಹಡಗೇ ಪ್ರವಾಸ; ಬಂದರು ಬರೀ ನೆಪ. ಚಿಕ್ಕ ಹಡಗು ಇದಕ್ಕೆ ವಿರುದ್ಧ. ಅದು ಕಡಿಮೆ ಜನರನ್ನು ಹೆಚ್ಚು ಹಣಕ್ಕೆ ಕರೆದೊಯ್ಯುತ್ತದೆ. 2022ರ ನವೆಂಬರ್‌ನಲ್ಲಿ ನವಮಂಗಳೂರು ಬಂದರಿಗೆ ಬಂದ 'ಯುರೋಪಾ 2' ಹಡಗಿನಲ್ಲಿ ಪ್ರಯಾಣಿಕರು 271, ಸಿಬ್ಬಂದಿ 373. ಅತಿಥಿಗಿಂತ ಸೇವಕರೇ ಹೆಚ್ಚು! 2023ರ ಜನವರಿ 13ರಂದು ವಾರಾಣಸಿಯಿಂದ ಹೊರಟ 'ಗಂಗಾ ವಿಲಾಸ' ಇನ್ನೂ ಚಿಕ್ಕದು. 18 ಕೋಣೆಗಳು, 36 ಜನರಿಗೆ ಮಾತ್ರ ಅವಕಾಶ. ಬಾಂಗ್ಲಾದೇಶದ ಮೂಲಕ ಹಾದು ಅಸ್ಸಾಮಿನ ದಿಬ್ರುಗಢದವರೆಗೆ ಸುಮಾರು 3,200 ಕಿಲೋಮೀಟರುಗಳನ್ನು 51 ದಿನಗಳಲ್ಲಿ ಕ್ರಮಿಸುವಂತೆ ಅದರ ಪಯಣವನ್ನು ಯೋಜಿಸಲಾಗಿತ್ತು. ನಾವು ಏರಿದ ಹಡಗು ಇಷ್ಟು ಹೆಸರಾದದ್ದಲ್ಲ. ಕೋಣೆಗಳು ಎರಡು ಡಜನ್ನಿನ ಒಳಗೆ, ತಳ ಚಪ್ಪಟೆ, ಆಳವಿಲ್ಲದ ನೀರಿನಲ್ಲೂ ನುಸುಳಬಲ್ಲದು.

ಈ ನುಸುಳುವ ಗುಣದಲ್ಲೇ ಅದರ ಸೊಗಸಿದೆ. ದೊಡ್ಡ ಹಡಗಿಗೆ ಬಂದರು ಬೇಕು. ಇದಕ್ಕೆ ನದಿಯ ದಂಡೆಯಲ್ಲಿ ಒಂದು ಗೂಟ ಸಾಕು. ದಿನವೂ ಸಂಜೆ ಗೈಡ್ ಎಲ್ಲರನ್ನೂ ಮೇಲಂತಸ್ತಿನಲ್ಲಿ ಕೂರಿಸಿ, ಮರುದಿನ ನೋಡಲಿರುವ ಊರಿನ ಕಥೆ ಹೇಳುತ್ತಿದ್ದರು. ಕಾಲ್ನಾ ಎಂಬ ಸಣ್ಣ ಪಟ್ಟಣದ ಹೆಸರನ್ನೇ ನಾನು ಅದುವರೆಗೆ ಕೇಳಿರಲಿಲ್ಲ. ಅಲ್ಲಿ 1809ರಲ್ಲಿ ಬರ್ದ್ವಾನಿನ ರಾಜ ಕಟ್ಟಿಸಿದ 108 ಶಿವಾಲಯಗಳಿವೆ. ಒಂದರೊಳಗೊಂದು ಎರಡು ವೃತ್ತಗಳು. ಹೊರಗಿನದರಲ್ಲಿ 74, ಒಳಗಿನದರಲ್ಲಿ 34. ಜಪಮಾಲೆಯ ಮಣಿಗಳನ್ನು ಎಣಿಸುವಂತೆ ಸುತ್ತಬೇಕು ಎಂದು ಗೈಡ್ ಹೇಳಿದ ಒಂದು ಮಾತಿನಿಂದ, ಮರುದಿನ ಬೆಳಿಗ್ಗೆ ನಮ್ಮ ಗುಂಪಿನ ಪರದೇಶದವರೂ ಗಲಾಟೆಯಿಲ್ಲದೆ ಆ ವೃತ್ತವನ್ನು ಸುತ್ತಿದರು. ಯಾರೂ ಅವಸರಪಡಲಿಲ್ಲ. ಹಿಂದೆ ಇನ್ನೊಂದು ಬಸ್ಸು ಕಾಯುತ್ತಿರಲಿಲ್ಲವಲ್ಲ!

ಆ ಹೊತ್ತಿಗೆ ನನಗೆ ನೆನಪಾದದ್ದು ನಮ್ಮೂರಿನ 108. ಬಸವಕಲ್ಯಾಣದಲ್ಲಿ 108 ಅಡಿ ಎತ್ತರದ ಬಸವಣ್ಣನವರ ಪ್ರತಿಮೆ ಇದೆ. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಹೋಗುವವರು ಗಾಡಿ ತಿರುಗಿಸಿ ಬರುತ್ತಾರೆ, ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, 'ಇಲ್ಲಿ ಇನ್ನೇನಿದೆ ನೋಡಲಿಕ್ಕೆ?' ಎಂದು ಹಣ್ಣಿನ ಗಾಡಿಯವನನ್ನು ಕೇಳುತ್ತಾರೆ, ಗಂಟೆಯೊಳಗೆ ಹೆದ್ದಾರಿಗೆ ಮರಳುತ್ತಾರೆ. ರಾತ್ರಿ ತಂಗುವುದು ಬೀದರಿನಲ್ಲಿ ಅಥವಾ ಹೈದರಾಬಾದಿನಲ್ಲಿ.

ಇಲ್ಲಿ ಇನ್ನೇನಿದೆ? ಹನ್ನೊಂದನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದನು. ಆರನೆಯ ವಿಕ್ರಮಾದಿತ್ಯನ ಆಸ್ಥಾನವನ್ನು ಅರಸಿಕೊಂಡು ಕಾಶ್ಮೀರದಿಂದ ಬಿಲ್ಹಣ ಬಂದನು. ಇದೇ ಊರಿನಲ್ಲಿ ವಿಜ್ಞಾನೇಶ್ವರನು 'ಮಿತಾಕ್ಷರಾ'ವನ್ನು ಬರೆದನು. ಹಿಂದೂಗಳ ಆಸ್ತಿಹಂಚಿಕೆಯ ಕುರಿತು ದೇಶದ ನ್ಯಾಯಾಲಯಗಳು ತಲೆಮಾರುಗಳ ಕಾಲ ಅದನ್ನು ತಿರುವಿಹಾಕಿದವು. ಹನ್ನೆರಡನೆಯ ಶತಮಾನದಲ್ಲಂತೂ ಕಲ್ಯಾಣವು ಪಯಣಿಗರ ಊರೇ ಆಗಿತ್ತು. ಅಕ್ಕಮಹಾದೇವಿ ಉಡುತಡಿಯಿಂದ ನಡೆದು ಬಂದಳು, ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದನೆಂದು ಪರಂಪರೆ ಹೇಳುತ್ತದೆ. ಅವರು ನೋಡಲು ಬಂದವರಲ್ಲ, ಇರಲು ಬಂದವರು. ಅಂತಹ ಊರು ಇಂದು ಒಂದು ಗಂಟೆಯ ನಿಲ್ದಾಣವಾಗಿದೆ ಎಂಬುದೇ ನನ್ನ ಸಂಕಟ.

ಕಳೆದ ವರ್ಷ ಮನೆಗೆ ಬಂದ ನೆಂಟರನ್ನು ಹುಮನಾಬಾದ್ ತಾಲ್ಲೂಕಿನ ಜಲಸಂಗಿಗೆ ಕರೆದೊಯ್ದಿದ್ದೆ. ಅಲ್ಲಿನ ಚಾಲುಕ್ಯ ದೇಗುಲದ ಹೊರಗೋಡೆಯಲ್ಲಿ ಮದನಿಕೆಯೊಬ್ಬಳು ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಕಲ್ಲಿನ ಆ ಹೆಣ್ಣು ಬರೆಯುತ್ತಿರುವ ಸಾಲುಗಳು ವಿಕ್ರಮಾದಿತ್ಯನ ಹೊಗಳಿಕೆ. ಬೇಲೂರಿನ ಶಿಲಾಬಾಲಿಕೆಯರು ಕನ್ನಡಿ ನೋಡಿಕೊಳ್ಳುತ್ತಾರೆ, ಕುಣಿಯುತ್ತಾರೆ. ನಮ್ಮ ಜಲಸಂಗಿಯವಳು ಅಕ್ಷರ ಬಲ್ಲವಳು. ಇಷ್ಟನ್ನು ಹೇಳಲು ಅಂದು ಅಲ್ಲಿ ಯಾರೂ ಇರಲಿಲ್ಲ. ಆಡು ಮೇಯಿಸುತ್ತಿದ್ದ ಹುಡುಗನೊಬ್ಬ, 'ಅಕಿ ತನ್ನ ತವರಮನಿಗೆ ಚೀಟಿ ಬರೀಲಿಕತ್ಯಾಳ್ರೀ' ಎಂದ. ನಾವೆಲ್ಲ ನಕ್ಕೆವು. ಆಮೇಲೆ ಅನಿಸಿತು: ಆ ಹುಡುಗನಿಗೆ ಕಥೆ ಹೇಳುವ ಕಲೆ ತಿಳಿದಿದೆ, ಅವನಿಗೆ ಸರಿಯಾದ ಕಥೆಯನ್ನು ಹೇಳಿಕೊಟ್ಟವರಿಲ್ಲ.

ಇದು ಈಗ ಬರೀ ಹಳಹಳಿಕೆಯ ಮಾತಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಒಂದು ಇಡೀ ಪ್ರದೇಶ ನಮ್ಮೂರಿನ ಹೆಸರನ್ನು ಹೊತ್ತಿತು. 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಆಗ ಅದು ₹500 ಕೋಟಿಯ ಯೋಜನೆ, 770 ಅಮರಗಣಂಗಳ ನೆನಪಿಗೆ 770 ಕಂಬಗಳು. 2017ರಲ್ಲಿ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡು ಹುಮನಾಬಾದಿಗೂ ಎರಡೂ ದಿಕ್ಕಿನ ರೈಲು ದಕ್ಕಿತು. 2008ರಲ್ಲಿ ರಾಜ್ಯದ ಐಷಾರಾಮಿ ರೈಲು 'ಗೋಲ್ಡನ್ ಚಾರಿಯಟ್' ಹೊರಟಾಗ ಹಂಪಿ, ಬಾದಾಮಿಗಳು ಅದರ ಹಾದಿಯಲ್ಲಿದ್ದವು, ನಾವಿರಲಿಲ್ಲ. ಇನ್ನು ಮುಂದೆ ಜನ ಬಂದೇ ಬರುತ್ತಾರೆ. ಪ್ರಶ್ನೆಯಿರುವುದು ಎಷ್ಟು ಜನ ಬರುತ್ತಾರೆ ಎಂಬುದರಲ್ಲಲ್ಲ. ಬಂದವರು ಎಷ್ಟು ಹೊತ್ತು ಇರುತ್ತಾರೆ, ಏನನ್ನು ತಿಳಿದುಕೊಂಡು ಹೋಗುತ್ತಾರೆ, ಅವರು ಖರ್ಚು ಮಾಡಿದ ಹಣ ಯಾರ ಮನೆ ಸೇರುತ್ತದೆ ಎಂಬುದರಲ್ಲಿ.

ನಮ್ಮ ಆಡಳಿತಗಳಿಗೆ ಪ್ರವಾಸೋದ್ಯಮವೆಂದರೆ ವಾಹನ ನಿಲುಗಡೆ, ಮಹಾದ್ವಾರ, ಬಣ್ಣದ ದೀಪ, ಮತ್ತು ವರ್ಷದ ಕೊನೆಯಲ್ಲಿ ಲಕ್ಷಗಳ ಲೆಕ್ಕ. ಅಂದರೆ ದೊಡ್ಡ ಹಡಗಿನ ಲೆಕ್ಕ. ಕಲ್ಯಾಣಕ್ಕೆ ಒಪ್ಪುವುದು ಚಿಕ್ಕ ಹಡಗಿನ ಲೆಕ್ಕ ಎಂಬುದು ನನ್ನ ವಾದ. ಜಯಂತಿಗೆ, ಜಾತ್ರೆಗೆ ಬರುವ ಭಕ್ತರ ಮಾತು ಬೇರೆ. ಅವರನ್ನು ಎಣಿಸಬಾರದು, ತಡೆಯಲೂಬಾರದು. ಉಳಿದ ದಿನಗಳಲ್ಲಿ ಇಪ್ಪತ್ತು ಜನರ ಒಂದೊಂದು ತಂಡ, ಒಂದು ಸಣ್ಣ ಬಸ್ಸು, ಮೂರು ರಾತ್ರಿ. ಮೊದಲ ದಿನ ಕಲ್ಯಾಣದ ಕೋಟೆ, ಅಲ್ಲಿನ ವಸ್ತುಸಂಗ್ರಹಾಲಯ, ಶರಣರ ಗವಿಗಳು, ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಶ್ರಮದಿಂದ ಎದ್ದ ಹಳೆಯ ಅನುಭವ ಮಂಟಪ. ಎರಡನೆಯ ದಿನ ನಾರಾಯಣಪುರದ ಶಿವಾಲಯ, ಜಲಸಂಗಿ, ಹುಮನಾಬಾದಿನ ವೀರಭದ್ರೇಶ್ವರ, ಮಾಣಿಕನಗರ. ಮೂರನೆಯ ದಿನ ಬೀದರಿನ ಕೋಟೆ ಮತ್ತು ಬಿದರಿ ಕೆಲಸಗಾರರ ಓಣಿ. ಪ್ರತಿ ಸಂಜೆ ಮರುದಿನದ ಕಥೆ. ಊಟಕ್ಕೆ ಜೋಳದ ರೊಟ್ಟಿ. ಎಳ್ಳಮಾವಾಸ್ಯೆಯ ಹೊತ್ತಿಗೆ ಬಂದರೆ ಹೊಲದಲ್ಲಿ ಕೂತು ಭಜ್ಜಿ, ಅಂಬಲಿ. ಇದಕ್ಕೆ ಬೇಕಾದದ್ದು ಕೋಟಿಗಟ್ಟಲೆ ಕಾಂಕ್ರೀಟಲ್ಲ. ಚೊಕ್ಕಟವಾದ ಕೆಲವು ತಂಗುಮನೆಗಳು, ಶೌಚಾಲಯಗಳು, ಮತ್ತು ಚೆನ್ನಾಗಿ ತರಬೇತಾದ ಐವತ್ತು ಜನ ಗೈಡುಗಳು.

ಆ ಐವತ್ತು ಜನ ನಮ್ಮಲ್ಲೇ ಇದ್ದಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪುಣೆಯಲ್ಲಿ ಗೋದಾಮಿನ ಲೆಕ್ಕ ಬರೆಯುತ್ತಿದ್ದಾನೆ. ಕನ್ನಡ, ಮರಾಠಿ, ಉರ್ದು, ಹಿಂದಿ ನಾಲ್ಕನ್ನೂ ಹುಟ್ಟಿನಿಂದಲೇ ಬಲ್ಲ ಹುಡುಗರು ನಮ್ಮಲ್ಲಿ ಮನೆಮನೆಗೆ ಸಿಗುತ್ತಾರೆ. ಬೇರೆಡೆ ಇದನ್ನು ದೊಡ್ಡ ಪ್ರತಿಭೆ ಎನ್ನುತ್ತಾರೆ. ನಮ್ಮಲ್ಲಿ ಅದು ಹೆದ್ದಾರಿ ಹಿಡಿದು ಹೈದರಾಬಾದಿಗೋ ಪುಣೆಗೋ ಹೋಗಲು ಬೇಕಾದ ಬುತ್ತಿ, ಅಷ್ಟೆ.

ಹಾಗೆಂದು ಚಿಕ್ಕ ಹಡಗನ್ನು ಕಣ್ಣುಮುಚ್ಚಿ ಅನುಕರಿಸಬೇಕೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ನನ್ನ ಸಂಕೋಚವನ್ನು ಹೆಚ್ಚಿಸಿದ ಸಂಗತಿಯೂ ಇದೆ. ನಮ್ಮ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಯುವಕ ಬಂಗಾಳದವನೇ. ಕಾಲ್ನಾದಿಂದ ಮರಳಿದ ಮೇಲೆ, 'ಆ 108 ಗುಡಿಗಳಲ್ಲಿ ನಿನಗೆ ಯಾವುದು ಇಷ್ಟವಪ್ಪ?' ಎಂದು ಹಿಂದಿಯಲ್ಲಿ ಕೇಳಿದೆ. 'ನೋಡಿಲ್ಲ ಸಾಹೇಬರೇ. ನಾಲ್ಕು ವರ್ಷದಿಂದ ಇಲ್ಲಿ ಹಡಗು ನಿಲ್ಲುತ್ತದೆ. ನೀವು ಇಳಿದಾಗಲೇ ಅಲ್ಲವೇ ನಮಗೆ ಹಾಸಿಗೆ ಸರಿಮಾಡುವ ಸಮಯ' ಎಂದ. ದೂರಿನ ದನಿಯಲ್ಲಿ ಹೇಳಲಿಲ್ಲ, ಅದಕ್ಕೇ ಅದು ಹೆಚ್ಚು ಚುಚ್ಚಿತು.

ಮಟಿಯಾರಿ ಎಂಬ ಹಿತ್ತಾಳೆ ಕೆಲಸದ ಹಳ್ಳಿಯಲ್ಲೂ ಹಾಗೆಯೇ. ನಾವು ಸಾಲಾಗಿ ಹೋದೆವು, ಕುಲುಮೆಯ ಮುಂದೆ ಬೆವರುತ್ತಿದ್ದವರನ್ನು ನೋಡಿದೆವು, ಫೋಟೊ ತೆಗೆದೆವು. ಒಬ್ಬಾತ ಸುತ್ತಿಗೆ ನಿಲ್ಲಿಸಿ ನನ್ನ ಊರು ಯಾವುದೆಂದು ಕೇಳಿದ. ಬೀದರ್ ಜಿಲ್ಲೆ, ನಮ್ಮಲ್ಲೂ ನಿಮ್ಮಂತೆ ಲೋಹ ಬಡಿಯುವವರಿದ್ದಾರೆ, ಬೆಳ್ಳಿಯ ತಂತಿಯನ್ನು ಕಪ್ಪು ಲೋಹದೊಳಗೆ ಕೂರಿಸುತ್ತಾರೆ ಎಂದು ಗೈಡ್ ಮೂಲಕ ಹೇಳಿದೆ. ಆತ ಹೇಗೆ, ಯಾವ ಉಳಿಯಿಂದ ಎಂದು ಕೇಳಲು ಆರಂಭಿಸಿದ. ಅಷ್ಟರಲ್ಲಿ ಹಡಗಿಗೆ ಮರಳುವ ಹೊತ್ತಾಯಿತು. ಆತನಿಂದ ಒಂದು ಬಟ್ಟಲು ಕೊಂಡೆ. ಅದರ ಬೆಲೆ ನನ್ನ ಕೋಣೆಯ ಒಂದು ಗಂಟೆಯ ಬಾಡಿಗೆಗೂ ಸಮನಾಗಿರಲಿಲ್ಲ. ಆ ಪ್ರಯಾಣದಲ್ಲಿ ನಾನು ನಿಜವಾಗಿ ಭೇಟಿಯಾದ ಮನುಷ್ಯ ಆತನೊಬ್ಬನೇ; ಆ ಭೇಟಿಗೆ ಸಿಕ್ಕದ್ದು ಐದು ನಿಮಿಷ.

ಹಡಗಿಗೂ ದಂಡೆಗೂ ನಡುವೆ ಕಾಣದ ಗೋಡೆಯೊಂದಿದೆ. ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ. ದಂಡೆಯ ಊರಿಗೆ ದಕ್ಕುವುದು ಚಿಲ್ಲರೆ. ಹಡಗಿನ ಚಿಕ್ಕತನವನ್ನು ನಾವು ತೆಗೆದುಕೊಳ್ಳೋಣ, ಈ ಗೋಡೆಯನ್ನಲ್ಲ. ಬಂದವರು ನಮ್ಮ ಊರಲ್ಲೇ ಉಣ್ಣಲಿ, ನಮ್ಮ ಮನೆಗಳಲ್ಲೇ ಮಲಗಲಿ, ನಮ್ಮ ಹುಡುಗರ ಬಾಯಿಂದಲೇ ಕಥೆ ಕೇಳಲಿ.

ಇಷ್ಟು ಹಿಂದುಳಿದ ಜಿಲ್ಲೆಯಲ್ಲಿ ಉಳ್ಳವರ ವಿಹಾರದ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಗೌರವಿಸುತ್ತೇನೆ. ಸಂವಿಧಾನದ 371(ಜೆ) ವಿಧಿಯ ಸವಲತ್ತು ಪಡೆದ ಪ್ರದೇಶ ನಮ್ಮದು. ನಮಗೆ ಮೊದಲು ಬೇಕಾದದ್ದು ಶಾಲೆ, ಆಸ್ಪತ್ರೆ, ನೀರು. ಆದರೆ ಅವುಗಳನ್ನು ಬಿಟ್ಟು ಇದನ್ನು ಮಾಡಿ ಎಂದು ನಾನು ಹೇಳುತ್ತಿಲ್ಲ. ಮಾಡಲು ಹೊರಟಿರುವುದನ್ನು ಸರಿಯಾಗಿ ಮಾಡಿ ಎನ್ನುತ್ತಿದ್ದೇನೆ. ಕಾಯಕದ ಕೂಲಿ ಕಾಯಕ ಮಾಡಿದವನಿಗೆ ಸೇರಬೇಕೆಂಬುದನ್ನು ಕಲ್ಯಾಣಕ್ಕೆ ಹೊರಗಿನವರು ಕಲಿಸಬೇಕಾಗಿಲ್ಲ.

ಗೋಡೆಯಿಲ್ಲದ ಆತಿಥ್ಯ ಹೇಗಿರುತ್ತದೆಂಬುದಕ್ಕೂ ದೂರ ಹುಡುಕಬೇಕಾಗಿಲ್ಲ. ಹುಮನಾಬಾದಿನ ಮಗ್ಗುಲಲ್ಲೇ ಮಾಣಿಕನಗರವಿದೆ. ಎಲ್ಲ ಮತಗಳೂ ಸಮಾನವೆಂದು ಸಾರಿದ ಮಾಣಿಕಪ್ರಭುಗಳ (1817–1865) ಕ್ಷೇತ್ರ ಅದು. ಅಲ್ಲಿನ ಪಂಕ್ತಿಯಲ್ಲಿ ಕೂತವನಿಗೆ ಪಕ್ಕದವನ ಜಾತಿ, ಮತ, ಕಿಸೆ ಯಾವುದೂ ಬೇಕಾಗಿಲ್ಲ. ಬಡಿಸಿದವನೂ ಕೊನೆಗೆ ಅದೇ ಪಂಕ್ತಿಯಲ್ಲಿ ಕೂರುತ್ತಾನೆ. ಹೂಗ್ಲಿಯ ಮೇಲೆ ತೇಲುವ ಹಡಗಿನ ರುಚಿಕಟ್ಟಾದ ಊಟದ ಮೇಜಿನಲ್ಲಿ ನನಗೆ ಕಾಣದಿದ್ದದ್ದು ಇದು.

ಆದ್ದರಿಂದ ನನ್ನದೊಂದು ಬೇಡಿಕೆ. ಇಪ್ಪತ್ತು ಜನರ ಆ ಮೊದಲ ತಂಡ ಪರದೇಶದ್ದೂ ಆಗಬೇಕಾಗಿಲ್ಲ, ಬೆಂಗಳೂರಿನದ್ದೂ ಆಗಬೇಕಾಗಿಲ್ಲ. ಅದು ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಸರ್ಕಾರಿ ಶಾಲೆಯ ಮಕ್ಕಳದ್ದಾಗಲಿ. ತನ್ನೂರಿನ ದಂಡೆಯಲ್ಲಿ ನಾಲ್ಕು ವರ್ಷ ನಿಂತೂ ಗುಡಿ ನೋಡದ ಆ ಬಂಗಾಳಿ ಯುವಕನ ಪಾಡು ನಮ್ಮ ಮಕ್ಕಳಿಗೆ ಬರುವುದು ಬೇಡ. ಜಲಸಂಗಿಯ ಮದನಿಕೆ ಏನು ಬರೆಯುತ್ತಿದ್ದಾಳೆಂದು ಆಡು ಮೇಯಿಸುವ ಆ ಹುಡುಗನಿಗೆ ತಿಳಿದ ದಿನ, ಹೊರಗಿನವರಿಗೆ ಹೇಳಲು ಅವನೇ ಇರುತ್ತಾನೆ. ಬೇಕಾದರೆ ತವರಿನ ಚೀಟಿಯ ಕಥೆಯನ್ನೂ ಸೇರಿಸಿ ಹೇಳಲಿ.