ನಗುವುದಾದರೆ ನಮ್ಮ ಮನೆಯಿಂದಲೇ ಶುರು ಮಾಡೋಣ

2025ರ ಜುಲೈ ಕೊನೆಯಲ್ಲಿ ‘ಸು ಫ್ರಮ್ ಸೋ’ ಸಿನಿಮಾ ತೆರೆಗೆ ಬಂದಾಗ ನಮ್ಮ ಕುಂಭಾಶಿಯ ಹೆದ್ದಾರಿ ಬದಿಯಲ್ಲೂ ಅದೇ ಮಾತು. ಚಾ ಕುಡಿಯಲು ಬಂದವರು, ಕುಂದಾಪುರದ ಬಸ್ಸಿಗೆ ಕಾಯುವವರು, ಮೀನಿನ ಗಾಡಿಯವರು, ಎಲ್ಲರ ಬಾಯಲ್ಲೂ ಸುಲೋಚನಾ. ಜುಮಾ ಮುಗಿಸಿ ಹೊರಗೆ ಬಂದ ನಮ್ಮ ಹುಡುಗರೂ ಅದನ್ನೇ ಹೇಳಿಕೊಂಡು ನಗಾಡುತ್ತಿದ್ದರು. “ಕಾಕ, ನೀವು ಒಮ್ಮೆ ನೋಡ್ಲೇಬೇಕು. ನಕ್ಕು ನಕ್ಕು ಹೊಟ್ಟೆ ಹುಣ್ಣಾಗ್ತದೆ” ಅಂದ ಒಬ್ಬ.

ಅವನ ಕೈಯಲ್ಲಿ ಕಪ್ಪು ನೂಲು ಕಟ್ಟಿತ್ತು. “ಅದೆಂತ ಮಾರಾಯ?” ಅಂತ ಕೇಳಿದೆವು. “ಉಮ್ಮ ಮಂತ್ರಿಸಿ ತಂದು ಕಟ್ಟಿದ್ದು. ಪರೀಕ್ಷೆಗೆ” ಅಂದ. ಉಳಿದವರು ಒಂದು ಗಳಿಗೆ ಸುಮ್ಮನಾದರು. ಆಮೇಲೆ ಅವನೇ ಮೊದಲು ನಕ್ಕ. ಈ ವಾರದ ನಮ್ಮ ಮಾತು ಆ ಒಂದು ಗಳಿಗೆಯ ಬಗ್ಗೆ.

ಸಿನಿಮಾದ ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಕರಾವಳಿಯ ಒಂದು ಹಳ್ಳಿ. ಅಲ್ಲಿ ಅಶೋಕ ಎಂಬ ಹುಡುಗ ಮಾಡಬಾರದ ಕಡೆ ಇಣುಕಿ ನೋಡಲು ಹೋಗಿ ಸಿಕ್ಕಿಬೀಳುತ್ತಾನೆ. ಮರ್ಯಾದೆ ಉಳಿಸಿಕೊಳ್ಳಲು ಮೈಮೇಲೆ ಪ್ರೇತ ಬಂದವನ ಹಾಗೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬವಳ ಪ್ರೇತ ಅವನಿಗೆ ಹಿಡಿದಿದೆ ಅಂತ ಊರಿಗೆ ಊರೇ ನಂಬುತ್ತದೆ. ಬಿಡಿಸಲು ಗುರೂಜಿ ಬರುತ್ತಾರೆ. ಒಂದು ಸುಳ್ಳನ್ನು ಕಾಪಾಡಲು ಮತ್ತೊಂದು ಸುಳ್ಳು. ಮಂಜೇಶ್ವರ ಕಡೆಯ ತೂಮಿನಾಡಿನ ಜೆ.ಪಿ. ತೂಮಿನಾಡು ಇದರ ನಿರ್ದೇಶಕರು, ಅಶೋಕನ ಪಾತ್ರವೂ ಅವರದೇ. ನಿರ್ಮಾಪಕರಲ್ಲಿ ಒಬ್ಬರಾದ ರಾಜ್ ಬಿ. ಶೆಟ್ಟಿ ಗುರೂಜಿಯಾಗಿದ್ದಾರೆ. ದೊಡ್ಡ ಸ್ಟಾರ್ ಇಲ್ಲ, ಹೊಡೆದಾಟ ಇಲ್ಲ. ಆದರೂ ರಾಜ್ಯದ ಉದ್ದಗಲಕ್ಕೂ ಥಿಯೇಟರ್ ತುಂಬಿತು. ಕಾರಣ ಸರಳ. ಪ್ರತಿಯೊಬ್ಬರಿಗೂ ಆ ಊರು ತಮ್ಮದೇ ಊರಿನ ಹಾಗೆ ಕಂಡಿತು.

ಈ ಸಿನಿಮಾ ನಗಿಸುತ್ತಾ ನಗಿಸುತ್ತಾ ಕೊನೆಗೆ ನಮ್ಮನ್ನು ಒಬ್ಬ ಹೆಣ್ಣಿನ ನಿಜವಾದ ಕಷ್ಟದ ಎದುರು ತಂದು ನಿಲ್ಲಿಸುತ್ತದೆ. ಇಲ್ಲದ ಪ್ರೇತಕ್ಕೆ ಊರೆಲ್ಲ ಹೆದರುತ್ತದೆ. ಕಣ್ಣೆದುರು ಇರುವ ಹೆಣ್ಣಿನ ಕಣ್ಣೀರು ಮಾತ್ರ ಯಾರಿಗೂ ಕಾಣುವುದಿಲ್ಲ.

“ಬ್ಯಾರಿ ಪುಟದಲ್ಲಿ ಸಿನಿಮಾ ವಿಷಯ ಯಾಕೆ?” ಎಂದು ಕೆಲವರು ಕೇಳಬಹುದು. ಸಿನಿಮಾ ನೋಡಬೇಕೋ ಬೇಡವೋ ಎಂದು ಹೇಳುವುದು ಉಲಮಾಗಳ ಕೆಲಸ, ನಮ್ಮದಲ್ಲ. ಆದರೆ ಇವತ್ತು ಪ್ರತಿ ಮನೆಯಲ್ಲೂ ಫೋನ್ ಇದೆ, ಫೋನಿನಲ್ಲಿ ಸಿನಿಮಾ ಇದೆ. ಮಕ್ಕಳು ನೋಡಿ ನಗುತ್ತಿರುವಾಗ ದೊಡ್ಡವರು ಗೊತ್ತಿಲ್ಲದವರ ಹಾಗೆ ಕೂತರೆ ಪ್ರಯೋಜನ ಇಲ್ಲ. ಅದೂ ಅಲ್ಲದೆ ಸಿನಿಮಾಕ್ಕೂ ನಮಗೂ ಸಂಬಂಧವೇ ಇಲ್ಲ ಎನ್ನುವ ಹಾಗಿಲ್ಲ. ಕುಂದಾಪುರದವರೇ ಆದ ವೈದೇಹಿಯವರ ಕತೆಯಿಂದ ಗಿರೀಶ್ ಕಾಸರವಳ್ಳಿ ‘ಗುಲಾಬಿ ಟಾಕೀಸು’ ಮಾಡಿದಾಗ, ಸಿನಿಮಾ ಹುಚ್ಚಿನ ಆ ಸೂಲಗಿತ್ತಿ ಇದೇ ಕಡಲ ಬದಿಯ ಮುಸ್ಲಿಂ ಹೆಂಗಸಾಗಿದ್ದಳು.

ಇನ್ನೊಂದು ಸಂಗತಿಯನ್ನು ನಾವು ಮರೆತೇಬಿಟ್ಟಿದ್ದೇವೆ. ನಮ್ಮ ಭಾಷೆಯ ಮೊದಲ ಸಿನಿಮಾ ‘ಬ್ಯಾರಿ’ಗೆ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣಕಮಲ ಬಂದಿತ್ತು. 2012ರ ಮಾತು. ಆ ಪ್ರಶಸ್ತಿಯನ್ನು ಅದು ಹಂಚಿಕೊಂಡದ್ದು ‘ದೇವೂಳ್’ ಎಂಬ ಮರಾಠಿ ಚಿತ್ರದ ಜೊತೆ. ‘ದೇವೂಳ್’ ಎಂದರೆ ದೇವಸ್ಥಾನ. ದನ ಕಾಯುವ ಕೇಶ್ಯಾ ಎಂಬವನು ಮರದಡಿ ಮಲಗಿದ್ದಾಗ ತನಗೆ ದತ್ತದೇವರು ಕಂಡರು ಎನ್ನುತ್ತಾನೆ. ಹಳ್ಳಿಗೆ ಆಸ್ಪತ್ರೆ ಬರಬೇಕು ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ ದೇವಸ್ಥಾನ, ಅದರ ಸುತ್ತ ಅಂಗಡಿ, ಕ್ಯಾಸೆಟ್ಟು, ರಾಜಕೀಯ. ಕೇಶ್ಯಾನ ಮುಗ್ಧ ಭಕ್ತಿಯನ್ನು ಚಿತ್ರ ಎಲ್ಲೂ ಗೇಲಿ ಮಾಡುವುದಿಲ್ಲ, ಅದನ್ನು ಮಾರಲು ಹೊರಟವರನ್ನು ಮಾಡುತ್ತದೆ. ಮಾಡಿದ್ದು ಅದೇ ಸಮಾಜದ ಜನ, ನಕ್ಕದ್ದೂ ಅವರೇ.

ನಮ್ಮ ‘ಬ್ಯಾರಿ’ಯೂ ನಮ್ಮದೇ ಮನೆಯೊಳಗಿನ ಒಂದು ನೋವನ್ನು, ತಲಾಖ್ ಆದ ಹೆಣ್ಣಿನ ಬದುಕನ್ನು ತೋರಿಸಿತ್ತು. ನೋವನ್ನು ತೋರಿಸುವ ಧೈರ್ಯ ಆಗ ಬಂತು. ನಮ್ಮನ್ನು ನೋಡಿ ನಾವೇ ನಗುವ ಧೈರ್ಯ ಇನ್ನೂ ಬಂದಿಲ್ಲ.

‘ಪಿಕೆ’ ಬಂದಾಗ, ‘ಓ ಮೈ ಗಾಡ್’ ಕನ್ನಡಕ್ಕೆ ‘ಮುಕುಂದ ಮುರಾರಿ’ಯಾಗಿ ಬಂದಾಗ ನಮ್ಮಲ್ಲಿ ಎಷ್ಟು ಮಂದಿ ಖುಷಿಪಟ್ಟರು! “ನೋಡಿ, ಅವರ ಬಾಬಾಗಳ ಬಣ್ಣ ಹೇಗೆ ಬಯಲಾಯ್ತು” ಅಂತ ವಾಟ್ಸಾಪ್ ಗ್ರೂಪಿನಲ್ಲಿ ತುಣುಕು ಹಂಚಿದ್ದೇ ಹಂಚಿದ್ದು. ಅದೇ ಕ್ಯಾಮರಾ ನಮ್ಮ ಕಡೆ ತಿರುಗಿದರೆ? ಮರುದಿನವೇ ಖಂಡನಾ ಸಭೆ. ಪಕ್ಕದ ಮನೆಯವರನ್ನು ನೋಡಿ ನಗಲು ಯಾವ ಧೈರ್ಯವೂ ಬೇಡ. ನಮ್ಮ ಊರಿನಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಆನೆಗುಡ್ಡೆಗೆ ಬರುವ ಭಕ್ತರು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಹೋಗುತ್ತಾರೆ. ನಮ್ಮವರ ರಿಕ್ಷಾ, ನಮ್ಮವರ ಅಂಗಡಿ ಅದೇ ರಸ್ತೆಯಲ್ಲಿವೆ. ಅವರ ನಂಬಿಕೆ ಅವರಿಗೆ. ಅದನ್ನು ಗೇಲಿ ಮಾಡುವ ತುಣುಕು ಹಂಚಿ ನಾವು ಬುದ್ಧಿವಂತರಾಗುವುದಿಲ್ಲ.

ನಾವು ನಗಬೇಕಾದದ್ದು ನಮ್ಮೊಳಗೆ ಬೇಕಾದಷ್ಟಿದೆ. ಮಗು ರಾತ್ರಿ ಅತ್ತರೆ ಕಣ್ಣುದೃಷ್ಟಿ. ವ್ಯಾಪಾರ ಕುಸಿದರೆ ಸಿಹ್ರ್. ಮದುವೆ ತಡವಾದರೆ ಯಾರೋ ಮಾಡಿಸಿದ್ದು. ಸೊಸೆ ಮಂಕಾಗಿ ಕೂತರೆ ಜಿನ್ನ್. ಪರಿಹಾರಕ್ಕೆ ಫೋನ್ ನಂಬರ್ ಸಿದ್ಧ, ಈಗ ಆನ್‌ಲೈನಿನಲ್ಲೂ ದುಡ್ಡು ಕಳಿಸಬಹುದು. ನೂಲಿಗೆ ಒಂದು ರೇಟು, ತಗಡಿಗೆ ಒಂದು ರೇಟು, ಮನೆಗೆ ಬಂದು ಹೂತಿಟ್ಟದ್ದನ್ನು ತೆಗೆಯಲು ಮತ್ತೊಂದು ರೇಟು. ಅಗೆದಾಗ ಮೊಟ್ಟೆಯೋ ಗೊಂಬೆಯೋ ಸಿಕ್ಕೇ ಸಿಗುತ್ತದೆ. ಹೂತವರು ಯಾರು ಎಂದು ಯಾರೂ ಕೇಳುವುದಿಲ್ಲ. ಇದು ‘ಸು ಫ್ರಮ್ ಸೋ’ದ ಎರಡನೇ ಭಾಗಕ್ಕೆ ಸಾಕಾಗುವಷ್ಟು ಕತೆ ಅಲ್ಲವಾ?

ಆದರೆ ನಗು ನಿಂತುಹೋಗುವ ಜಾಗವೂ ಇದೆ. ನಮ್ಮ ಕಡೆಯ ಒಂದು ಮನೆ ನಮಗೆ ಗೊತ್ತು. ಪಿಯುಸಿ ಮುಗಿಸಿದ ಹುಡುಗಿ ಮಾತು ಬಿಟ್ಟಳು, ಊಟ ಬಿಟ್ಟಳು. ಜಿನ್ನ್ ಎಂದರು. ಒಂದೂವರೆ ವರ್ಷ ಊರಿಂದೂರಿಗೆ ಕರೆದುಕೊಂಡು ತಿರುಗಿದರು. ಒಂದು ಕಡೆ ಹೊಗೆ ಹಾಕಿದರು, ಇನ್ನೊಂದು ಕಡೆ ಹೊಡೆದರು. ಉಮ್ಮನ ಬಳೆ ಹೋಯಿತು. ಕೊನೆಗೆ ಸಂಬಂಧಿಕರೊಬ್ಬರು ಹಟ ಹಿಡಿದು ಮನೋವೈದ್ಯರ ಬಳಿ ಕರೆದೊಯ್ದರು. ಖಿನ್ನತೆ ಎಂದು ಗೊತ್ತಾಯಿತು. ಕೆಲವು ತಿಂಗಳ ಮದ್ದಿನಲ್ಲಿ ಹುಡುಗಿ ಎದ್ದು ಕೂತಳು. “ನನ್ನನ್ನು ಯಾಕೆ ಹೊಡೆದದ್ದು?” ಅಂತ ಅವಳು ಆಮೇಲೆ ಕೇಳಿದಳಂತೆ. ಮನೆಯವರ ಹತ್ತಿರ ಉತ್ತರ ಇರಲಿಲ್ಲ. ನಮ್ಮ ಹತ್ತಿರವೂ ಇಲ್ಲ.

ಇದಕ್ಕಿಂತ ಕೆಟ್ಟದ್ದೂ ನಡೆದಿದೆ. ತಮಿಳುನಾಡಿನ ಏರ್ವಾಡಿ ನಮ್ಮ ಕರಾವಳಿಯ ಮನೆಗಳಿಗೆ ಹೊಸ ಹೆಸರಲ್ಲ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿ ದರ್ಗಾದ ಹತ್ತಿರ ಇದ್ದ ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿತ್ತು. ಮನೋರೋಗಿಗಳನ್ನು ಸಂಕೋಲೆಯಲ್ಲಿ ಕಟ್ಟಿಹಾಕಿದ್ದರು. ಓಡಲು ಆಗಲಿಲ್ಲ. 28 ಮಂದಿ ಸತ್ತರು. 2021ರಲ್ಲಿ ಕಣ್ಣೂರಿನಲ್ಲಿ 11 ವರ್ಷದ ಬಾಲಕಿ ಜ್ವರದಿಂದ ತೀರಿಕೊಂಡಳು. ಆಸ್ಪತ್ರೆಗೆ ಒಯ್ಯದೆ ಮಂತ್ರಿಸಿದ ನೀರು ಕೊಡುತ್ತಿದ್ದರು ಎಂಬ ದೂರಿನ ಮೇಲೆ ಪೊಲೀಸರು ತಂದೆಯನ್ನೂ ಒಬ್ಬ ಉಸ್ತಾದರನ್ನೂ ಬಂಧಿಸಿದರು. ಜ್ವರಕ್ಕೆ ಮದ್ದು ಇರುವ ಕಾಲದಲ್ಲಿ, ಆಸ್ಪತ್ರೆಗೆ ಕೊರತೆ ಇಲ್ಲದ ಊರಿನಲ್ಲಿ ಒಂದು ಮಗು ಹೋಯಿತು.

ಇದನ್ನೆಲ್ಲ ಆಡಿದರೆ ದೀನ್‌ಗೆ ಅವಮಾನ ಎನ್ನುವವರಿದ್ದಾರೆ. ಮದ್ರಸದಲ್ಲಿ ನಾವೆಲ್ಲ ಕೇಳಿದ ಒಂದು ಘಟನೆಯನ್ನು ನೆನಪಿಸುತ್ತೇವೆ. ಪ್ರವಾದಿಯವರ (ಸ) ಪುಟ್ಟ ಮಗ ಇಬ್ರಾಹೀಂ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಈ ಸಾವಿಗೇ ಸೂರ್ಯ ಕಪ್ಪಾದ ಎಂದು ಜನ ಮಾತಾಡಿಕೊಂಡರು. ದುಃಖದಲ್ಲಿದ್ದ ತಂದೆ ಸುಮ್ಮನಿದ್ದಿದ್ದರೂ ಸಾಕಿತ್ತು, ಜನರ ಭಕ್ತಿ ಇನ್ನೂ ಹೆಚ್ಚುತ್ತಿತ್ತು. ಅವರು ಸುಮ್ಮನಿರಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗೂ ಸಾವಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿಳಿಸಿದರು. ತಮ್ಮ ಪರವಾಗಿಯೇ ಹುಟ್ಟಿದ ಮೂಢನಂಬಿಕೆಯನ್ನು ಅಲ್ಲಿಯೇ ಮುರಿದರು. ಕಾಯಿಲೆಗೆ ಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ಕಲಿಸಿದವರೂ ಅವರೇ. ಇಷ್ಟೆಲ್ಲ ಗೊತ್ತಿದ್ದೂ ಜ್ವರದ ಮಗುವಿಗೆ ನೂಲು ಮಾತ್ರ ಕಟ್ಟುವುದು ಯಾವ ಸುನ್ನತ್?

ನಗುವುದೂ ನಮಗೆ ಹೊರಗಿನಿಂದ ಬಂದದ್ದಲ್ಲ. ಮುಲ್ಲಾ ನಸ್ರುದ್ದೀನನ ಕತೆ ಹೇಳದ ಮುಸ್ಲಿಂ ನಾಡು ಯಾವುದಿದೆ? ಇರಾನಿನಲ್ಲಿ 2004ರಲ್ಲಿ ಕಮಾಲ್ ತಬ್ರೀಜಿ ‘ಮಾರ್ಮೂಲಕ್’ ಅಂದರೆ ‘ಹಲ್ಲಿ’ ಎಂಬ ಸಿನಿಮಾ ಮಾಡಿದರು. ಜೈಲಿನಿಂದ ತಪ್ಪಿಸಿಕೊಂಡ ಕಳ್ಳನೊಬ್ಬ ಮುಲ್ಲಾನ ಉಡುಪು ತೊಟ್ಟು ಗಡಿಯ ಹಳ್ಳಿಗೆ ಬರುತ್ತಾನೆ. ಅವನು ಏನು ಮಾಡಿದರೂ ಊರವರಿಗೆ ಅದರಲ್ಲಿ ಏನೋ ಮಹಿಮೆ ಕಾಣುತ್ತದೆ. ಜನ ಥಿಯೇಟರಿಗೆ ಮುಗಿಬಿದ್ದರು. ಕೆಲವೇ ವಾರಗಳಲ್ಲಿ ಅದನ್ನು ತೆರೆಯಿಂದ ಇಳಿಸಲಾಯಿತು. ಆದರೆ ಕತೆಯಲ್ಲಿ ದೀನ್‌ನ ಗೇಲಿ ಇಲ್ಲ. ಜನರ ನಂಬಿಕೆಗೆ ತಕ್ಕಂತೆ ಬದುಕಲು ಹೋಗಿ ಕಳ್ಳನೇ ಒಳ್ಳೆಯವನಾಗುತ್ತಾನೆ. ಹತ್ತಿರದ ಉದಾಹರಣೆ ಬೇಕಾದರೆ ಮಲಯಾಳಂನ ಝಕರಿಯಾ 2020ರಲ್ಲಿ ಮಾಡಿದ ‘ಹಲಾಲ್ ಲವ್ ಸ್ಟೋರಿ’ ಇದೆ. ಧಾರ್ಮಿಕ ಸಂಘಟನೆಯ ಕೆಲವು ಸಾಧು ಜನ ಹಲಾಲಾದ ಸಿನಿಮಾ ಮಾಡಲು ಹೊರಟು ಪಡುವ ಪಾಡು ಅದು. ಯಾರಿಗೂ ನೋಯದ ಹಾಗೆ, ಸುಳ್ಳೂ ಹೇಳದ ಹಾಗೆ ನಗಿಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಹಾಗಾಗಿ ಅಳತೆ ಒಂದೇ. ಹೆದರಿದವರನ್ನು ನೋಡಿ ನಗುವುದು ಬೇರೆ, ಹೆದರಿಸಿ ದುಡ್ಡು ಮಾಡುವವರನ್ನು ನೋಡಿ ನಗುವುದು ಬೇರೆ. ಮಗನ ಕೈಗೆ ನೂಲು ಕಟ್ಟಿದ ಉಮ್ಮನನ್ನು ನಾವು ಗೇಲಿ ಮಾಡುವುದಿಲ್ಲ. ಆ ನೂಲಿನಲ್ಲಿ ಇರುವುದು ಅವರ ಪ್ರೀತಿ, ಅವರ ಹೆದರಿಕೆ. ಆ ಹೆದರಿಕೆಗೆ ಬೆಲೆ ಕಟ್ಟಿದವನು ನಗೆಪಾಟಲಾಗಬೇಕು. ಜನ ನಕ್ಕ ದಿನ ಅವನ ಅಂಗಡಿ ಮುಚ್ಚುತ್ತದೆ.

ನಗುವಿನ ಜೊತೆ ಕಾನೂನೂ ಇದೆ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ಪ್ರೇತ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು, ಕಟ್ಟಿಹಾಕುವುದು, ನಾಯಿ, ಹಾವು, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ನೂಲಿನ ಚಿಕಿತ್ಸೆ ಮಾಡುವುದು ಇವೆಲ್ಲ ಅಪರಾಧ. ಒಂದರಿಂದ ಏಳು ವರ್ಷದವರೆಗೆ ಜೈಲು, 5,000ದಿಂದ 50,000 ರೂಪಾಯಿವರೆಗೆ ದಂಡ. ಪ್ರಾರ್ಥನೆಗೆ, ಯಾತ್ರೆಗೆ ಈ ಕಾಯ್ದೆಯ ಅಡ್ಡಿ ಇಲ್ಲ. ದುವಾ ಮಾಡಬೇಡಿ ಎಂದು ಯಾರೂ ಹೇಳುತ್ತಿಲ್ಲ.

ದುವಾ ಮತ್ತು ಮದ್ದು ಒಟ್ಟಿಗೇ ಹೋಗಬಹುದು ಎಂಬುದಕ್ಕೂ ದಾರಿ ತೋರಿಸಿದವರಿದ್ದಾರೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ ಮತ್ತು ದುವಾ’ ಎಂಬ ಕಾರ್ಯಕ್ರಮ ಶುರುವಾಯಿತು. ಬಂದವರಿಗೆ ದರ್ಗಾದವರು ದುವಾ ಮಾಡುತ್ತಾರೆ, ಆಮೇಲೆ ಅಲ್ಲೇ ಇರುವ ವೈದ್ಯರ ಹತ್ತಿರ ಕಳಿಸುತ್ತಾರೆ. ಬೆಂಕಿ ಬಿದ್ದ ಅದೇ ಏರ್ವಾಡಿಗೂ ಈ ವ್ಯವಸ್ಥೆ ಬಂತು. ನಮ್ಮ ಕರಾವಳಿಯ ಜಮಾಅತ್‌ಗಳಿಗೆ ಇದು ಆಗದ ಕೆಲಸವೇನಲ್ಲ.

ನಮ್ಮ ಕೋರಿಕೆ ಸಣ್ಣದು. ಖತೀಬರು ಒಂದು ಶುಕ್ರವಾರ ಗ್ರಹಣದ ಆ ಘಟನೆಯನ್ನೇ ವಿಷಯ ಮಾಡಲಿ. ದುವಾ ಕೇಳಿ ಬಂದವರನ್ನು ಉಸ್ತಾದರು “ಡಾಕ್ಟರಿಗೆ ತೋರಿಸಿದ್ರಾ?” ಅಂತ ಮೊದಲು ಕೇಳಲಿ. ಒಂಟಿ ಹೆಂಗಸನ್ನು ಬಾಗಿಲು ಹಾಕಿದ ಕೋಣೆಯಲ್ಲಿ ಯಾವ ಮಂತ್ರವಾದಿಯ ಜೊತೆಗೂ ಬಿಡಬೇಡಿ. ಮನಸ್ಸಿನ ಕಾಯಿಲೆಯ ಬಗ್ಗೆ ಕೇಳಲು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಆ ನಂಬರನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಿದರೆ ಯಾವ ಮಸ್‌ಅಲೆಯೂ ಬರುವುದಿಲ್ಲ.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಜನ ಏನೆಂದುಕೊಳ್ಳುತ್ತಾರೋ ಎಂದು ಇಷ್ಟು ದಿನ ಈ ವಿಷಯ ಬರೆಯದೆ ಉಳಿದದ್ದು ನಾವೇ. ಆ ಹುಡುಗಿ ಕೇಳಿದ ಪ್ರಶ್ನೆ ಕಿವಿಯಲ್ಲಿ ಕೂತ ಮೇಲೆ ಇನ್ನು ಸುಮ್ಮನಿರಲು ಆಗಲಿಲ್ಲ.

ಮೊನ್ನೆ ಆ ಹುಡುಗ ಮತ್ತೆ ಸಿಕ್ಕಿದ್ದ. ಕೈಯಲ್ಲಿ ನೂಲು ಇರಲಿಲ್ಲ. “ಎಲ್ಲಿ ಮಾರಾಯ?” ಅಂದೆವು. “ಉಮ್ಮನನ್ನೂ ಕೂರಿಸಿ ಫೋನಲ್ಲಿ ಸಿನಿಮಾ ತೋರಿಸಿದೆ ಕಾಕ. ನಕ್ಕು ನಕ್ಕು ಸಾಕಾಯ್ತು ಅವರಿಗೆ. ಮತ್ತೆ ಅವರೇ ಬಿಚ್ಚಿದ್ರು. ದುವಾ ಮಾಡ್ತೇನೆ, ನೀನು ಓದು ಅಂದ್ರು.”

ಇದಕ್ಕಿಂತ ಒಳ್ಳೆಯ ವಿಮರ್ಶೆ ಆ ಸಿನಿಮಾಕ್ಕೆ ಬೇರೆ ಯಾರು ಬರೆದಾರು?