ಮಂಗ ಸಾಯುವ ಮುನ್ನವೇ ಎಚ್ಚರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಇದರಿಂದ ತತ್ತರಿಸಿತು. ಹೆಸರು ಮಂಗನದಾದರೂ ಮನುಷ್ಯನಿಗೆ ವೈರಾಣುವನ್ನು ದಾಟಿಸುವುದು ಮುಖ್ಯವಾಗಿ ಉಣುಗು. ಅದು ಕಚ್ಚಿದ 3ರಿಂದ 8 ದಿನಗಳಲ್ಲಿ ಹಠಾತ್ ಜ್ವರ, ತಲೆನೋವು, ತೀವ್ರ ಮೈಕೈ ನೋವು ಕಾಣಿಸಿಕೊಳ್ಳುತ್ತವೆ; ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ ಒಸರುತ್ತದೆ. ಜ್ವರ ಇಳಿದು ಒಂದೆರಡು ವಾರವಾದ ಮೇಲೆ ಮತ್ತೆ ಮರುಕಳಿಸಿ ಮಿದುಳನ್ನು ಬಾಧಿಸುವುದೂ ಉಂಟು. ಜ್ವರ ಬಿಟ್ಟಿತೆಂದು ಮರುದಿನವೇ ಕೂಲಿಗೆ ಹೊರಡುವವರಿಗೆ ಈ ಸಂಗತಿಯನ್ನು ತಿಳಿಸುವವರು ಬೇಕು.

ಈ ವೈರಾಣುವಿಗೆಂದೇ ನಿರ್ದಿಷ್ಟ ಔಷಧವಿಲ್ಲ. ಹೋರಾಡುವುದು ದೇಹವೇ, ಚಿಕಿತ್ಸೆ ಅದಕ್ಕೆ ಆಸರೆ ಮಾತ್ರ. ಆದ್ದರಿಂದ ಬೇಗ ಆಸ್ಪತ್ರೆ ಸೇರುವುದು ಮುಖ್ಯ. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು.

ಕಾಡನ್ನು ತುಂಡರಿಸಿದಷ್ಟೂ ಉಣುಗು, ದನ, ಮನುಷ್ಯರ ಒಡನಾಟ ಹೆಚ್ಚುತ್ತದೆ. ಇರುವ ಕಾಡನ್ನು ಉಳಿಸುವುದು ಆರೋಗ್ಯ ರಕ್ಷಣೆಯೂ ಹೌದು. ಡಿಸೆಂಬರಿನಿಂದ ಮೇವರೆಗೆ ಸೌದೆ, ತರಗೆಲೆಗಾಗಿ ಕಾಡಿಗೆ ಹೋಗದೆ ಬದುಕು ಸಾಗದವರ ಮನೆಬಾಗಿಲಿಗೆ ಉಣುಗು ನಿವಾರಕ ತೈಲವೂ ತಿಳಿವಳಿಕೆಯೂ ಮೊದಲೇ ತಲುಪಬೇಕು. ಮಂಗ ಸತ್ತ ಮೇಲೆ ಎಚ್ಚೆತ್ತುಕೊಳ್ಳುವ ಆಡಳಿತದಿಂದ ಪ್ರಯೋಜನವಿಲ್ಲ.