ಬಾಣಂತಿಗೊಂದು ಬಟ್ಟಲು ತಿನೋಲಾ



ವಿಜಯನಗರದ ನಮ್ಮ ಬೀದಿಯ ಒಂದು ಮನೆಗೆ ಮಗು ನೋಡಲು ಹೋಗಿದ್ದೆ. ಮಗು ಹುಟ್ಟಿ ಹನ್ನೆರಡು ದಿನವಾಗಿತ್ತು. ತಾಯಿಯ ತುಟಿ ಒಣಗಿತ್ತು. "ಹಾಲು ಸಾಲ್ತಿಲ್ಲ ಖಾಲಾ, ರಾತ್ರಿಯಿಡೀ ಅಳ್ತಾನೆ" ಎಂದಳು ಮೆಲ್ಲಗೆ. ದಿನಕ್ಕೆ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದೆ. ಎರಡೇ ಲೋಟವಂತೆ! ಅತ್ತೆಯವರು ಅಡುಗೆ ಮನೆಯಿಂದಲೇ ಹೇಳಿದರು: "ಹಸಿ ಮೈ ನೋಡಿ. ನೀರು ಜಾಸ್ತಿಯಾದ್ರೆ ಹೊಟ್ಟೆ ಬರುತ್ತೆ, ಸೊಪ್ಪು ತಿಂದ್ರೆ ಮಗೂಗೆ ಶೀತ."

ಅವರದು ಕೆಟ್ಟ ಮನಸ್ಸಲ್ಲ. ಅವರ ಅತ್ತೆ ಅವರಿಗೆ ಕಲಿಸಿದ್ದೂ ಅದೇ. ಆದರೆ ಹಾಲೂಡಿಸುವ ತಾಯಿಗೆ ದಾಹ ಹೆಚ್ಚು. ಅದು ತೀರುವಷ್ಟು ಕುಡಿಯದಿದ್ದರೆ ಮಲಬದ್ಧತೆ, ಉರಿಮೂತ್ರ, ಸುಸ್ತು ಕಾಡುತ್ತವೆ. ನಾನು ವಾದ ಮಾಡಲಿಲ್ಲ. ಮರುದಿನ ಒಂದು ಪಾತ್ರೆ ಸಾರು ಮಾಡಿಕೊಂಡು ಹೋದೆ.

ಆ ಸಾರಿನ ಹೆಸರು ತಿನೋಲಾ. ಅದು ಫಿಲಿಪೈನ್ಸ್ ದೇಶದ ಮನೆಮನೆಯ ಕೋಳಿ ಸಾರು. ಗಲ್ಫ್‌ನ ಆಸ್ಪತ್ರೆಗಳಲ್ಲಿ ಆ ದೇಶದ ನರ್ಸ್‌ಗಳು ಬಹಳ. ದಮ್ಮಾಮಿನಲ್ಲಿ ಹೆತ್ತ ನನ್ನ ತಂಗಿ ಇದನ್ನು ಕಲಿತದ್ದು ಅಂಥ ಒಬ್ಬ ನೆರೆಯಾಕೆಯಿಂದ. ಹಾಲು ಹೆಚ್ಚಲೆಂದು ಅವರು ಬಾಣಂತಿಗೆ ಇದನ್ನು ಕೊಡುತ್ತಾರೆ. ಅದಕ್ಕೆ ಹಾಕುವ ಸೊಪ್ಪು ಯಾವುದು ಗೊತ್ತೇ? ನಮ್ಮ ನುಗ್ಗೆ ಸೊಪ್ಪು! ಅವರು ಅದನ್ನು ಮಲುಂಗಾಯ್ ಎನ್ನುತ್ತಾರೆ.

ಬೇಕಾಗುವ ಸಾಮಗ್ರಿ (ನಾಲ್ವರಿಗೆ)

ಮೂಳೆ ಸಹಿತ ಹಲಾಲ್ ಕೋಳಿ ತುಂಡು – 750 ಗ್ರಾಂ
ಶುಂಠಿ – 2 ಇಂಚು, ತೆಳ್ಳಗೆ ಸೀಳಿದ್ದು
ಬೆಳ್ಳುಳ್ಳಿ – 5 ಎಸಳು
ಈರುಳ್ಳಿ – 1
ಸೀಮೆಬದನೆಕಾಯಿ – 2
ಬಿಡಿಸಿದ ನುಗ್ಗೆ ಸೊಪ್ಪು – 2 ಹಿಡಿ
ಅಕ್ಕಿ ತೊಳೆದ ಎರಡನೇ ನೀರು – 6 ಲೋಟ
ಜಜ್ಜಿದ ಕಾಳುಮೆಣಸು – 1 ಚಮಚ
ಎಣ್ಣೆ – 2 ಚಮಚ, ಉಪ್ಪು

ಮಾಡುವ ವಿಧಾನ

ಬಿಸ್ಮಿಲ್ಲಾಹ್ ಹೇಳಿ ಎಣ್ಣೆ ಕಾಯಿಸಿ, ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿರಿ. ಕೋಳಿ, ಉಪ್ಪು, ಮೆಣಸು ಹಾಕಿ ಮಾಂಸ ಬಿಳುಪಾಗುವವರೆಗೆ ಹುರಿಯಿರಿ. ನೀರು ಸುರಿದು, ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ ಅರ್ಧ ಗಂಟೆ ಬೇಯಿಸಿರಿ. ನೊರೆ ತೆಗೆಯುತ್ತಿರಿ. ಸೀಮೆಬದನೆಕಾಯಿಯ ಹೋಳು ಹಾಕಿ ಹತ್ತು ನಿಮಿಷ ಬೇಯಿಸಿ. ಕೊನೆಗೆ ಸೊಪ್ಪು ಹಾಕಿ ಎರಡು ನಿಮಿಷದಲ್ಲಿ ಇಳಿಸಿರಿ. ಹೆಚ್ಚು ಬೆಂದರೆ ಸೊಪ್ಪು ಕಪ್ಪಾಗುತ್ತದೆ. ಬಿಸಿ ಅನ್ನದ ಜೊತೆ ಬಡಿಸಿರಿ.

ಅವರು ಹಸಿ ಪಪ್ಪಾಯಿಯನ್ನೂ ಹಾಕುತ್ತಾರೆ. ಅದರ ಹಾಲಿನಂಶದ ಕಾರಣ ಬಸುರಿಯರಿಗೆ ಅದು ಬೇಡ. ಸೀಮೆಬದನೆಕಾಯಿಯಾದರೆ ಆ ಚಿಂತೆಯಿಲ್ಲ. ತಮಿಳರು ಇದನ್ನು 'ಬೆಂಗಳೂರು ಕತ್ತರಿಕ್ಕಾಯ್' ಎಂದೇ ಕರೆಯುತ್ತಾರೆ! ಉಪ್ಪಿನ ಬದಲು ಅವರು ಹಾಕುವುದು ಪಾಟಿಸ್, ಅಂದರೆ ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿದ ರಸ. ಬಾಟಲಿಯದ್ದು ಕೊಂಡರೆ ಅದರ ಮೇಲಿನ ವಿವರ ಓದಿ ಕೊಳ್ಳಿರಿ. ಇಲ್ಲವಾದರೆ ಉಪ್ಪೇ ಸಾಕು.

ಹೋಸೆ ರಿಜಾಲ್ ಎಂಬ ಫಿಲಿಪೈನ್ಸ್ ಲೇಖಕ 1887ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಈ ಸಾರು ಬರುತ್ತದೆ. ಔತಣದಲ್ಲಿ ಪಾದ್ರಿಯೊಬ್ಬನ ತಟ್ಟೆಗೆ ಕೋಳಿಯ ಕತ್ತು ಮತ್ತು ರೆಕ್ಕೆ ಬಿದ್ದು ಅವನು ಸಿಡಿಮಿಡಿಗೊಳ್ಳುತ್ತಾನೆ. ನಮ್ಮ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಆ ಕತ್ತು, ರೆಕ್ಕೆ ಯಾರ ಪಾಲಿಗೆ ಉಳಿಯುತ್ತವೆ? ಸೊಸೆಯ ಪಾಲಿಗಲ್ಲವೇ? ಅವಳು ಸಿಡಿಮಿಡಿಗೊಳ್ಳುವುದಿಲ್ಲ, ಅಷ್ಟೇ. ಬಾಣಂತಿಯ ಬಟ್ಟಲಿಗೆ ತೊಡೆಯ ತುಂಡನ್ನೇ ಹಾಕಿರಿ.

ಒಂದೇ ಬಟ್ಟಲಿಗೆ ಹಾಲು ಉಕ್ಕಿತೆಂದು ನಾನು ಹೇಳಲಾರೆ. ಮಗುವಿಗೆ ಪದೇ ಪದೇ ಎದೆಹಾಲು ಕುಡಿಸಿದರೇ ಹಾಲು ಹೆಚ್ಚುವುದು. ವಾರ ತುಂಬಿದ ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆ ಮೂತ್ರ ಮಾಡಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಅದನ್ನೂ ಆ ಹುಡುಗಿಗೆ ಹೇಳಿ ಬಂದೆ.

ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡುವಂತೆ ಪ್ರವಾದಿ(ಸ)ರು ಅಬೂ ಝರ್(ರ)ರಿಗೆ ಉಪದೇಶಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ನಮ್ಮ ಬೀದಿಯಲ್ಲೂ ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ನೋಡಿಕೊಂಡು ಒಂದೆರಡು ಲೋಟ ನೀರು ಹೆಚ್ಚು ಹಾಕೋಣ.

ಮೂರನೇ ದಿನ ಆ ಅತ್ತೆಯವರದೇ ಫೋನು ಬಂತು: "ಆ ಸಾರಿಗೆ ಶುಂಠಿ ಎಷ್ಟು ಹಾಕ್ತೀರಿ?"